ಸ್ಟೇಟ್ ಆಫ್ ಒರಿಜಿನ್: ತವರಿನ ಹೆಸರಿನಲ್ಲಿ ನಡೆಯುವ ಹಣಾಹಣಿಯ ಚರಿತ್ರೆಯನ್ನು ಅರಿಯುವ ಬಗೆ

ಆಸ್ಟ್ರೇಲಿಯಾದ ಪೂರ್ವ ಭಾಗಕ್ಕೆ ಬಂದು ನೆಲೆಸಿದ ಕನ್ನಡಿಗರಿಗೆ ಪ್ರತಿವರ್ಷ ಮೇ ಕೊನೆಯಿಂದ ಜುಲೈವರೆಗಿನ ಕೆಲವು ವಾರಗಳು ಮೊದಮೊದಲು ಒಗಟಿನಂತೆ ಕಾಣುತ್ತವೆ. ವರ್ಷವಿಡೀ ಸಮಾಧಾನದಿಂದ ಕೆಲಸ ಮಾಡಿಕೊಂಡಿದ್ದ ಸಹೋದ್ಯೋಗಿಗಳು ಮರೂನ್ ಅಥವಾ ತಿಳಿನೀಲಿ ಅಂಗಿ ತೊಟ್ಟು ಬರುತ್ತಾರೆ, ಹೊಸಬರನ್ನು ಕಂಡರೆ ‘ನೀವು ಯಾರ ಕಡೆ?’ ಎಂದು ಕೇಳುತ್ತಾರೆ, ಮತ್ತು ಆ ಪ್ರಶ್ನೆಗೆ ‘ಯಾರ ಕಡೆಯೂ ಇಲ್ಲ’ ಎಂಬ ಉತ್ತರವನ್ನು ಅವರು ಒಪ್ಪುವುದಿಲ್ಲ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವೆ ವರ್ಷಕ್ಕೆ ಮೂರು ಪಂದ್ಯಗಳಾಗಿ ನಡೆಯುವ ರಗ್ಬಿ ಲೀಗ್ ಸರಣಿಯೇ ಈ ಬಿಸಿಗೆ ಕಾರಣ. ಅದರ ಹೆಸರು ಸ್ಟೇಟ್ ಆಫ್ ಒರಿಜಿನ್. ಆಟಗಾರನು ಈಗ ಎಲ್ಲಿ ಆಡುತ್ತಿದ್ದಾನೆ ಎಂಬುದನ್ನು ಬದಿಗಿಟ್ಟು, ಅವನು ಮೂಲತಃ ಯಾವ ರಾಜ್ಯದವನೋ ಆ ರಾಜ್ಯಕ್ಕೇ ಆಡಬೇಕು ಎಂಬುದು ಅದರ ಅರ್ಥ.

ಈ ಪೈಪೋಟಿಯನ್ನು ತಿಳಿಯಬೇಕೆಂದು ಹೊರಟವರು ಸಾಮಾನ್ಯವಾಗಿ ಗೆಲುವು-ಸೋಲಿನ ಪಟ್ಟಿಯನ್ನು ಮುಂದಿಟ್ಟುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಬಾಗಿಲು. ಈ ಚರಿತ್ರೆಯ ಬೀಗದ ಕೈ ಇರುವುದು ‘ಯಾರು ಯಾರ ಪರ ಆಡಬಹುದು’ ಎಂಬ ಅರ್ಹತೆಯ ನಿಯಮದಲ್ಲಿ. ಆ ನಿಯಮ ಇಲ್ಲದಿದ್ದ ಕಾಲದ ನೋವು, ಬಂದ ಮೇಲಿನ ಹುರುಪು, ಬಂದ ನಂತರವೂ ಅದರ ಸುತ್ತ ಎದ್ದ ತಕರಾರು, ಈ ಮೂರನ್ನು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಜೋಡಣೆಯಾಗುತ್ತದೆ. ಹಾಗೆ ಓದುವ ಒಂದು ಕ್ರಮವನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಮೊದಲು ಆಟದ ಅಕ್ಷರಮಾಲೆ

ನಿಯಮಗಳಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ತಂಡಕ್ಕೆ 13 ಮಂದಿ, ಆಟದ ಅವಧಿ 80 ನಿಮಿಷ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಎಸೆಯುತ್ತ, ಮೈಯಿಂದ ನುಗ್ಗುತ್ತ ಮುಂದೆ ಸಾಗಬೇಕು. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವಿದರೆ ಅದು ಒಂದು ಟ್ಯಾಕಲ್. ಕೆಡವಿಸಿಕೊಂಡವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟವನ್ನು ಮತ್ತೆ ಆರಂಭಿಸುತ್ತಾನೆ. ಆರು ಟ್ಯಾಕಲ್‌ಗಳಾದರೆ ಚೆಂಡು ಎದುರಾಳಿಗೆ ಹೋಗುತ್ತದೆಯಾದ್ದರಿಂದ ಐದು ಮುಗಿದ ಕೂಡಲೇ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದೆಯುತ್ತಾರೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಅದಕ್ಕೆ 4 ಅಂಕ. ಅದರ ಬೆನ್ನಿಗೆ ಕಂಬಗಳ ನಡುವೆ ಒದ್ದರೆ ಇನ್ನು 2. ಪೆನಾಲ್ಟಿ ಗೋಲಿಗೂ 2. ಆಟದ ನಡುವೆಯೇ ಕಂಬಗಳ ನಡುವೆ ತೂರಿಸುವ ಫೀಲ್ಡ್ ಗೋಲಿಗೆ ಸಾಮಾನ್ಯವಾಗಿ 1. ಕಬಡ್ಡಿ ನೋಡಿ ಬೆಳೆದ ಕಣ್ಣಿಗೆ ಹಿಡಿತ, ತೂಕ, ಕಾಲಿನ ಚುರುಕು ಇವೆಲ್ಲ ಹತ್ತು ನಿಮಿಷದಲ್ಲಿ ಪರಿಚಯವಾಗಿಬಿಡುತ್ತವೆ. ಹಳೆಯ ಪಂದ್ಯಗಳ ಅಂಕಗಳನ್ನು ಓದುವಾಗ ಒಂದು ಸಂಗತಿಯನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು: 1983ಕ್ಕೆ ಮೊದಲು ಟ್ರೈಗೆ 3 ಅಂಕಗಳಷ್ಟೇ ಇದ್ದವು.

ರಗ್ಬಿ ಯೂನಿಯನ್ ಎಂಬುದು ಬೇರೆಯೇ ಆಟ ಎನ್ನುವುದನ್ನೂ ಗಮನಿಸಬೇಕು. ಇಂಗ್ಲೆಂಡಿನ ಉತ್ತರ ಭಾಗದ ಗಣಿ ಮತ್ತು ಗಿರಣಿ ಕಾರ್ಮಿಕರು, ಆಟಕ್ಕಾಗಿ ಕಳೆದುಕೊಂಡ ದಿನಗೂಲಿಯನ್ನು ತುಂಬಿಕೊಡಬೇಕೆಂದು ಕೇಳಿ ಅದು ನಿರಾಕರಣೆಯಾದಾಗ, 1895ರಲ್ಲಿ ಹಡರ್ಸ್‌ಫೀಲ್ಡಿನಲ್ಲಿ ಸಭೆ ಸೇರಿದ ಕ್ಲಬ್ಬುಗಳು ಯೂನಿಯನ್ ಸಂಸ್ಥೆಯಿಂದ ಬೇರೆಯಾದವು, ರಗ್ಬಿ ಲೀಗ್ ಹುಟ್ಟಿದ್ದು ಅಲ್ಲಿಂದ. 1907ರಲ್ಲಿ ಸಿಡ್ನಿಯಲ್ಲೂ ಅದೇ ಮಾತು ಎದ್ದಿತು. ಅಲೆಕ್ಸ್ ಬರ್ಡನ್ ಎಂಬ ಆಟಗಾರ ಗಾಯಗೊಂಡು ಕೆಲಸಕ್ಕೆ ಹೋಗಲಾಗದೆ ಕುಳಿತಾಗ ಪರಿಹಾರ ಸಿಗದಿದ್ದುದು ಅಸಮಾಧಾನಕ್ಕೆ ಕಿಡಿಯಾಯಿತು. ಆಗ ಬಂಡಾಯಗಾರರು ಗುಟ್ಟಾಗಿ ಸೇರುತ್ತಿದ್ದುದು ಕ್ರಿಕೆಟ್ ಪ್ರಿಯರೆಲ್ಲ ಬಲ್ಲ ವಿಕ್ಟರ್ ಟ್ರಂಪರ್ ಅವರ ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ. ಹೊಸ ಸಂಸ್ಥೆಯ ಮೊದಲ ಖಜಾಂಚಿಯೂ ಅವರೇ. ದುಡಿಯುವ ಜನರ ಆಟವಾಗಿ ಹುಟ್ಟಿದ್ದರಿಂದಲೇ ರಗ್ಬಿ ಲೀಗಿನಲ್ಲಿ ಹಣದ ಪ್ರಶ್ನೆ ಮೊದಲಿನಿಂದಲೂ ಬಹಿರಂಗವಾಗಿತ್ತು, ಮತ್ತು ಮುಂದೆ ಕ್ವೀನ್ಸ್‌ಲ್ಯಾಂಡಿಗೆ ಪೆಟ್ಟು ಕೊಟ್ಟದ್ದೂ ಅದೇ ಹಣ.

1980ಕ್ಕಿಂತ ಹಿಂದಕ್ಕೆ ಹೋಗಬೇಕು

ಬಹಳಷ್ಟು ಜನರು 1980ರಿಂದ ಓದಲು ಶುರುಮಾಡುತ್ತಾರೆ. ಆದರೆ ಅಂದು ಜನರು ಅಷ್ಟೊಂದು ಕೂಗಿದ್ದು ಏಕೆಂದು ತಿಳಿಯಬೇಕಾದರೆ ಅದರ ಹಿಂದಿನ ಎಪ್ಪತ್ತು ವರ್ಷಗಳ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಎರಡು ರಾಜ್ಯಗಳು ಮೊದಲು ಎದುರಾದದ್ದು 1908ರಲ್ಲಿ, ಸಿಡ್ನಿಯಲ್ಲಿ. ಆ ಪಂದ್ಯವನ್ನು ನ್ಯೂ ಸೌತ್ ವೇಲ್ಸ್ 43–0ರಿಂದ ಗೆದ್ದುಕೊಂಡಿತು. ಕ್ವೀನ್ಸ್‌ಲ್ಯಾಂಡಿನ ಮೊದಲ ಗೆಲುವಿಗೆ 1922ರವರೆಗೆ ಕಾಯಬೇಕಾಯಿತು. ಆದರೆ ಆ ಗೆಲುವಿನ ನಂತರದ ಕೆಲವು ವರ್ಷಗಳಲ್ಲಿ ತಕ್ಕಡಿ ಕ್ವೀನ್ಸ್‌ಲ್ಯಾಂಡಿನ ಕಡೆಗೇ ವಾಲಿತ್ತು ಎಂಬುದನ್ನು ಇಂದಿನ ಅಭಿಮಾನಿಗಳಲ್ಲಿ ಅನೇಕರು ಮರೆತಿದ್ದಾರೆ. ಟೂವೂಂಬಾ ಎಂಬ ಒಳನಾಡಿನ ಪಟ್ಟಣದ ತಂಡವೇ ಆಗ ದೇಶದಲ್ಲಿ ಹೆಸರುವಾಸಿಯಾಗಿತ್ತು. ಆದ್ದರಿಂದ ‘ಕ್ವೀನ್ಸ್‌ಲ್ಯಾಂಡ್ ಯಾವಾಗಲೂ ದುರ್ಬಲವಾಗಿತ್ತು’ ಎಂಬ ಮಾತನ್ನು ಯಾರಾದರೂ ಹೇಳಿದರೆ ನಂಬಬಾರದು. ಅದು ದುರ್ಬಲವಾಗಿರಲಿಲ್ಲ. ಅದನ್ನು ದುರ್ಬಲಗೊಳಿಸಲಾಯಿತು.

ಹೇಗೆ ಎಂಬುದನ್ನು ಹಿಡಿಯಲು 1956ನೇ ಇಸವಿಯ ಬಳಿ ನಿಲ್ಲಬೇಕು. ಆ ವರ್ಷ ನ್ಯೂ ಸೌತ್ ವೇಲ್ಸ್ ಸರ್ಕಾರವು ಕ್ಲಬ್ಬುಗಳಲ್ಲಿ ಪೋಕರ್ ಯಂತ್ರಗಳನ್ನು, ಅಂದರೆ ನಾಣ್ಯ ಹಾಕಿ ಆಡುವ ಜೂಜಿನ ಯಂತ್ರಗಳನ್ನು, ಕಾನೂನುಬದ್ಧಗೊಳಿಸಿತು. ಸಿಡ್ನಿಯ ರಗ್ಬಿ ಲೀಗ್ ತಂಡಗಳ ಹಿಂದೆ ಇದ್ದ ಸದಸ್ಯರ ಕ್ಲಬ್ಬುಗಳಿಗೆ ಈ ಯಂತ್ರಗಳಿಂದ ಹಣ ಹರಿದುಬಂದಿತು. ಕ್ವೀನ್ಸ್‌ಲ್ಯಾಂಡಿನಲ್ಲಿ ಅಂಥ ಯಂತ್ರಗಳಿಗೆ 1990ರ ದಶಕದವರೆಗೆ ಅನುಮತಿ ಇರಲಿಲ್ಲ. ಫಲವಾಗಿ ಬ್ರಿಸ್ಬೇನ್, ಟೂವೂಂಬಾ, ರೋಮಾ, ಟೌನ್ಸ್‌ವಿಲ್ ಕಡೆಯ ಹುಡುಗರು ಸ್ವಲ್ಪ ಹೆಸರು ಮಾಡಿದ ಕೂಡಲೇ ಸಿಡ್ನಿಯ ಕ್ಲಬ್ಬುಗಳು ಹೆಚ್ಚಿನ ಸಂಬಳ ಕೊಟ್ಟು ಅವರನ್ನು ಕರೆದೊಯ್ಯುತ್ತಿದ್ದವು. ಇಷ್ಟೇ ಆಗಿದ್ದರೆ ಅದು ಉದ್ಯೋಗಕ್ಕಾಗಿ ಊರು ಬಿಡುವ ಸಾಮಾನ್ಯ ಕಥೆಯಾಗುತ್ತಿತ್ತು. ಆದರೆ ಆಗಿನ ನಿಯಮದ ಪ್ರಕಾರ ಆಟಗಾರನು ಯಾವ ರಾಜ್ಯದಲ್ಲಿ ವಾಸವಿದ್ದು ಕ್ಲಬ್ ಪಂದ್ಯಗಳನ್ನು ಆಡುತ್ತಾನೋ ಆ ರಾಜ್ಯವನ್ನೇ ಪ್ರತಿನಿಧಿಸಬೇಕಿತ್ತು. ಹಾಗಾಗಿ ಕ್ವೀನ್ಸ್‌ಲ್ಯಾಂಡಿನ ಮಣ್ಣಿನಲ್ಲಿ ಆಟ ಕಲಿತವರೇ ನ್ಯೂ ಸೌತ್ ವೇಲ್ಸಿನ ನೀಲಿ ಅಂಗಿ ತೊಟ್ಟು ಬಂದು ತಮ್ಮ ತವರಿನ ತಂಡವನ್ನು ಸೋಲಿಸಿ ಹೋಗುತ್ತಿದ್ದರು. 1960 ಮತ್ತು 1970ರ ದಶಕಗಳ ಸರಣಿಗಳು ಬಹುಪಾಲು ಏಕಪಕ್ಷೀಯವಾದದ್ದು ಇದರಿಂದ.

ಇದನ್ನು ಮನಸ್ಸಿಗೆ ತಂದುಕೊಳ್ಳಲು ಒಂದು ಸಣ್ಣ ಅಭ್ಯಾಸ ಮಾಡಿ ನೋಡಬಹುದು. ಆ ಕಾಲದ ನ್ಯೂ ಸೌತ್ ವೇಲ್ಸ್ ತಂಡದ ಯಾವುದಾದರೊಂದು ಪಟ್ಟಿಯನ್ನು ತೆಗೆದುಕೊಂಡು, ಪ್ರತಿ ಹೆಸರಿನ ಮುಂದೆ ಎರಡು ಕಲಂ ಬರೆಯಿರಿ: ಆಟಗಾರ ಬೆಳೆದ ಊರು ಒಂದರಲ್ಲಿ, ಆಡುತ್ತಿದ್ದ ಕ್ಲಬ್ ಇನ್ನೊಂದರಲ್ಲಿ. ರೋಮಾದಲ್ಲಿ ಹುಟ್ಟಿದ ಆರ್ಥರ್ ಬೀಟ್ಸನ್ ಅವರ ಹೆಸರು ಬಂದಾಗ ಕೈ ತಾನಾಗಿ ತಡೆಯುತ್ತದೆ. 1966ರಲ್ಲಿ ಸಿಡ್ನಿಯ ಬಾಲ್ಮೇನ್ ಕ್ಲಬ್ಬಿಗೆ ಹೋದ ಅವರು ನ್ಯೂ ಸೌತ್ ವೇಲ್ಸ್ ಪರ ಹಲವು ಬಾರಿ ಆಡಿದರು, ಆಸ್ಟ್ರೇಲಿಯಾ ತಂಡದ ನಾಯಕರಾದರು, ಆ ಮೂಲಕ ದೇಶದ ತಂಡವೊಂದನ್ನು ಮುನ್ನಡೆಸಿದ ಮೊದಲ ಮೂಲನಿವಾಸಿ ಎನಿಸಿಕೊಂಡರು. ಆದರೆ 35ನೇ ವಯಸ್ಸಿನವರೆಗೆ ತಮ್ಮ ತವರು ರಾಜ್ಯದ ಮರೂನ್ ಅಂಗಿಯನ್ನು ತೊಡುವ ಅವಕಾಶವೇ ಅವರಿಗೆ ಸಿಕ್ಕಿರಲಿಲ್ಲ. ಈ ಒಂದು ಬದುಕನ್ನು ಸರಿಯಾಗಿ ಓದಿಕೊಂಡರೆ ಮುಂದಿನದಕ್ಕೆ ವಿವರಣೆ ಬೇಕಾಗುವುದಿಲ್ಲ.

1980ರ ಜುಲೈ 8ನ್ನು ಪೂರ್ತಿಯಾಗಿ ನೋಡಬೇಕು

ಪರಿಹಾರದ ಮಾದರಿ ಬಂದದ್ದು ಬೇರೊಂದು ಆಟದಿಂದ. ದೇಶದ ಇನ್ನೊಂದು ತುದಿಯ ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರರನ್ನು ವಿಕ್ಟೋರಿಯಾದ ಶ್ರೀಮಂತ ಕ್ಲಬ್ಬುಗಳು ಇದೇ ರೀತಿ ಸೆಳೆದುಕೊಳ್ಳುತ್ತಿದ್ದವು. 1977ರಲ್ಲಿ ಪರ್ತ್ ನಗರದಲ್ಲಿ ತವರು ರಾಜ್ಯದ ನಿಯಮದಡಿ ಪಂದ್ಯ ನಡೆಸಿದಾಗ ಪಶ್ಚಿಮ ಆಸ್ಟ್ರೇಲಿಯಾ ವಿಕ್ಟೋರಿಯಾವನ್ನು ಭಾರಿ ಅಂತರದಿಂದ ಸೋಲಿಸಿತು. ಆ ಯೋಚನೆಯನ್ನು ರಗ್ಬಿ ಲೀಗಿಗೆ ತರುವಲ್ಲಿ ಕ್ವೀನ್ಸ್‌ಲ್ಯಾಂಡ್ ಸಂಸ್ಥೆಯ ಮುಖ್ಯಸ್ಥರೂ ಸೆನೆಟರೂ ಆಗಿದ್ದ ರಾನ್ ಮೆಕಾಲಿಫ್ ಹಠ ಹಿಡಿದು ದುಡಿದರು. ಸಿಡ್ನಿಯ ಕಡೆಯಿಂದ ಕೆವಿನ್ ಹಂಫ್ರೀಸ್ ಒಪ್ಪಿಗೆ ಕೊಟ್ಟರು. ಸಿಡ್ನಿಯ ಪತ್ರಿಕೆಗಳಲ್ಲಿ ಮತ್ತು ಆಟದ ವಲಯದಲ್ಲಿ ಅನೇಕರು ಇದನ್ನು ಹಗುರವಾಗಿ ಕಂಡಿದ್ದರು.

1980ರ ಸರಣಿಯ ಮೊದಲ ಎರಡು ಪಂದ್ಯಗಳು ಹಳೆಯ ನಿಯಮದಲ್ಲೇ ನಡೆದು ಎರಡನ್ನೂ ನ್ಯೂ ಸೌತ್ ವೇಲ್ಸ್ ಗೆದ್ದಿತ್ತು. ಸಿಡ್ನಿಯಲ್ಲಿ ನಡೆದ ಎರಡನೆಯ ಪಂದ್ಯಕ್ಕೆ ಎರಡು ಸಾವಿರ ಜನರೂ ಬಂದಿರಲಿಲ್ಲ. ಸರಣಿ ಕೈತಪ್ಪಿದ ಮೇಲೆ ಮೂರನೆಯದನ್ನು ಹೊಸ ನಿಯಮದಡಿ ಜುಲೈ 8ರಂದು ಬ್ರಿಸ್ಬೇನಿನ ಲ್ಯಾಂಗ್ ಪಾರ್ಕಿನಲ್ಲಿ ಆಡಿಸಿದಾಗ 33,000ಕ್ಕೂ ಹೆಚ್ಚು ಜನ ಸೇರಿದರು. ನಾಯಕರಾಗಿ ಮೊದಲಿಗರಾಗಿ ಮೈದಾನಕ್ಕೆ ಓಡಿ ಬಂದವರು ಬೀಟ್ಸನ್. ಆ ಹೊತ್ತಿಗೆ ಅವರು ತಮ್ಮ ಕ್ಲಬ್ ಪ್ಯಾರಾಮಟ್ಟಾದ ಎರಡನೇ ದರ್ಜೆಯ ತಂಡದಲ್ಲಿ ಆಡುತ್ತಿದ್ದರು. ಅಂದು ತಮ್ಮ 20ನೇ ಹುಟ್ಟುಹಬ್ಬವನ್ನು ಆಚರಿಸಿಕೊಳ್ಳುತ್ತಿದ್ದ ಮಾಲ್ ಮೆನಿಂಗಾ ಏಳು ಗೋಲು ಒದ್ದರು, ಕೆರಿ ಬೂಸ್ಟೆಡ್ ಮತ್ತು ಕ್ರಿಸ್ ಕ್ಲೋಸ್ ಟ್ರೈ ಗಳಿಸಿದರು, ಕ್ವೀನ್ಸ್‌ಲ್ಯಾಂಡ್ 20–10ರಿಂದ ಗೆದ್ದಿತು.

ಈ ಪಂದ್ಯದ ಚಿತ್ರಮುದ್ರಿಕೆ ಸಿಗುತ್ತದೆ. ತುಣುಕುಗಳನ್ನು ನೋಡಿ ತೃಪ್ತರಾಗದೆ ಪೂರ್ತಿ ನೋಡಬೇಕೆಂದು ಒತ್ತಿ ಹೇಳುತ್ತೇನೆ. ತುಣುಕುಗಳಲ್ಲಿ ಟ್ರೈಗಳು ಮಾತ್ರ ಉಳಿಯುತ್ತವೆ, ಜನರ ಸದ್ದು ಉಳಿಯುವುದಿಲ್ಲ. ಈ ಪಂದ್ಯದಲ್ಲಿ ಕೇಳಬೇಕಾದದ್ದು ಆ ಸದ್ದನ್ನೇ. ಇನ್ನೊಂದು ಕಾರಣವೂ ಇದೆ. ಬೀಟ್ಸನ್ ತಮ್ಮ ಕ್ಲಬ್ಬಿನ ಸಂಗಾತಿಯೇ ಆದ ಎದುರು ತಂಡದ ಮಿಕ್ ಕ್ರೋನಿನ್ ಅವರಿಗೆ ಅಂದು ಗುದ್ದಿದರೆಂಬ ಕಥೆ, ‘ಗೆಳೆಯನ ಎದುರು ಗೆಳೆಯ’ ಎಂಬ ಘೋಷಣೆಗೆ ಮೂಲವಾಗಿ, ಹೇಳುತ್ತ ಹೇಳುತ್ತ ದೊಡ್ಡದಾಗಿದೆ. ಚಿತ್ರದಲ್ಲಿ ಕಾಣುವುದು ಅಷ್ಟು ದೊಡ್ಡ ಏಟಲ್ಲ. ದಂತಕಥೆ ಒಂದು ಕಡೆ, ದಾಖಲೆ ಒಂದು ಕಡೆ ಇಟ್ಟು ಹೋಲಿಸುವ ಅಭ್ಯಾಸವನ್ನು ಇಲ್ಲಿಂದಲೇ ಶುರುಮಾಡಿದರೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಒರಿಜಿನ್ ಚರಿತ್ರೆಯಲ್ಲಿ ದಂತಕಥೆಗಳಿಗೆ ಬರವಿಲ್ಲ.

ಹೊಸ ನಿಯಮವನ್ನು ಕನ್ನಡದ ಓದುಗರು ನಮ್ಮ ರಣಜಿ ಕ್ರಿಕೆಟ್ಟಿನೊಂದಿಗೆ ಇಟ್ಟು ನೋಡಬಹುದು. ಇಂದೋರಿನಲ್ಲಿ ಹುಟ್ಟಿದ ರಾಹುಲ್ ದ್ರಾವಿಡ್ ಬೆಂಗಳೂರಿನಲ್ಲಿ ಬೆಳೆದು ಕರ್ನಾಟಕಕ್ಕೆ ಆಡಿದರು, ಅದನ್ನು ಯಾರೂ ಪ್ರಶ್ನಿಸಲಿಲ್ಲ. ಒಂದು ರಾಜ್ಯದ ಆಟಗಾರ ಇನ್ನೊಂದು ರಾಜ್ಯಕ್ಕೆ ವಲಸೆ ಹೋಗಿ ಆಡುವುದೂ ನಮಗೆ ಹೊಸದಲ್ಲ. ಒರಿಜಿನ್ ನಿಯಮವು ಹುಟ್ಟಿದ ಊರನ್ನೇ ಕಡ್ಡಾಯ ಮಾಡಿತೆಂದು ತಿಳಿಯಬಾರದು. ಬಹುಕಾಲ ಅದರ ಅಳತೆಗೋಲು ಆಟಗಾರನು ಹಿರಿಯರ ಮಟ್ಟದ ರಗ್ಬಿ ಲೀಗನ್ನು ಮೊದಲು ಎಲ್ಲಿ ಆಡಿದನು ಎಂಬುದಾಗಿತ್ತು. ಟೂವೂಂಬಾದಲ್ಲಿ ಹುಟ್ಟಿದ ಪೀಟರ್ ಸ್ಟರ್ಲಿಂಗ್ ನ್ಯೂ ಸೌತ್ ವೇಲ್ಸಿನ ಶ್ರೇಷ್ಠ ಆಟಗಾರರಲ್ಲಿ ಒಬ್ಬರಾದದ್ದು ಹೀಗೆ.

1980ರ ದಶಕವನ್ನು ಎರಡೂ ಕಡೆಯಿಂದ ಓದಬೇಕು

1981ರಲ್ಲೂ ಒಂದೇ ಪಂದ್ಯ ಹೊಸ ನಿಯಮದಲ್ಲಿ ನಡೆಯಿತು. 15–0ರಿಂದ ಹಿಂದೆ ಬಿದ್ದಿದ್ದ ಕ್ವೀನ್ಸ್‌ಲ್ಯಾಂಡ್ 22–15ರಿಂದ ಗೆದ್ದಿತು. 1982ರಿಂದ ಮೂರೂ ಪಂದ್ಯಗಳು ಒರಿಜಿನ್ ನಿಯಮಕ್ಕೆ ಬಂದವು, ಸರಣಿಗಳ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಈ ದಶಕದ ಮುಖ್ಯ ಪಾತ್ರ ವಾಲಿ ಲೂಯಿಸ್. ಜನರು ಅವರನ್ನು ‘ದೊರೆ’ ಎಂದೇ ಕರೆದರು. ಒರಿಜಿನ್ ಪಂದ್ಯಗಳಲ್ಲಿ ಎಂಟು ಬಾರಿ ಪಂದ್ಯಶ್ರೇಷ್ಠರಾದರು. ಅವರ ಆಟವನ್ನು ಅರಿಯಲು ನಾನು ಸೂಚಿಸುವುದು 1989ರ ಎರಡನೆಯ ಪಂದ್ಯವನ್ನು. ಸಿಡ್ನಿಯಲ್ಲಿ ನಡೆದ ಆ ರಾತ್ರಿ ಕ್ವೀನ್ಸ್‌ಲ್ಯಾಂಡಿನ ಆಟಗಾರರು ಒಬ್ಬರ ಹಿಂದೆ ಒಬ್ಬರು ಗಾಯಗೊಂಡು ಹೊರನಡೆದರು: ಅಲನ್ ಲ್ಯಾಂಗರ್ ಅವರ ಕಾಲಿನ ಮೂಳೆ ಮುರಿಯಿತು, ಮೆನಿಂಗಾ ಅವರ ಕಣ್ಣಿನ ಸುತ್ತಲ ಎಲುಬು ಬಿರುಕುಬಿಟ್ಟಿತು, ಪಾಲ್ ವಾಟಿನ್ ಮತ್ತು ಮೈಕೆಲ್ ಹ್ಯಾನ್ಕಾಕ್ ಕೂಡ ಉಳಿಯಲಿಲ್ಲ, ಬಾಬ್ ಲಿಂಡ್ನರ್ ಮುರಿದ ಕಾಲಿನಲ್ಲೇ ಆಡಿದರು. ಬದಲಿ ಆಟಗಾರರು ಮುಗಿದು, ಕೊನೆಯ ಹೊತ್ತನ್ನು 12 ಮಂದಿಯೊಂದಿಗೆ ಆಡಬೇಕಾದಾಗಲೂ, ಲೂಯಿಸ್ ಒಬ್ಬರೇ ನುಗ್ಗಿ ಗಳಿಸಿದ ಟ್ರೈನ ಬಲದಿಂದ ತಂಡವು 16–12ರಿಂದ ಗೆದ್ದಿತು.

ಆದರೆ ಈ ಚರಿತ್ರೆಯನ್ನು ಹೇಳಿದವರಲ್ಲಿ ಕ್ವೀನ್ಸ್‌ಲ್ಯಾಂಡಿನ ದನಿಯೇ ಜೋರು ಎಂಬುದನ್ನು ಓದುಗರು ಗಮನಿಸಬೇಕು. ಅನ್ಯಾಯಕ್ಕೆ ಒಳಗಾದವರ ಕಥೆ ಕೇಳಲು ಚೆನ್ನಾಗಿರುತ್ತದೆ, ಗೆಲ್ಲುತ್ತಿದ್ದವರ ಕಥೆ ಅಷ್ಟು ಚೆನ್ನಾಗಿರುವುದಿಲ್ಲ. ಹಾಗಾಗಿ ಓದುವ ಕ್ರಮದಲ್ಲಿ 1985ನ್ನು ಕಡ್ಡಾಯವಾಗಿ ಸೇರಿಸಿಕೊಳ್ಳಿ. ನ್ಯೂ ಸೌತ್ ವೇಲ್ಸಿನ ಆಟಗಾರರು ಕ್ಲಬ್ಬುಗಳ ನಿಷ್ಠೆಯಲ್ಲೇ ಬೆಳೆದವರು, ರಾಜ್ಯದ ಅಂಗಿ ಅವರಿಗೆ ಎರಡನೆಯದು ಎಂಬ ಟೀಕೆ ಆಗ ಇತ್ತು. ವಾಗಾ ವಾಗಾ ಎಂಬ ಊರಿನಲ್ಲಿ ಬೆಳೆದ ನಾಯಕ ಸ್ಟೀವ್ ಮಾರ್ಟಿಮರ್ ಆ ಟೀಕೆಯನ್ನು ತೊಡೆದುಹಾಕಿದರು. ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಎರಡನೆಯ ಪಂದ್ಯವನ್ನೂ ಗೆದ್ದು ತಮ್ಮ ರಾಜ್ಯಕ್ಕೆ ಮೊದಲ ಒರಿಜಿನ್ ಸರಣಿಯನ್ನು ತಂದುಕೊಟ್ಟಾಗ ಅವರು ನೆಲಕ್ಕೆ ಮಂಡಿಯೂರಿದ ದೃಶ್ಯವನ್ನು ನೋಡಿದವರು, ಭಾವುಕತೆ ಒಂದೇ ರಾಜ್ಯದ ಸ್ವತ್ತು ಎಂದು ಇನ್ನೆಂದೂ ಹೇಳಲಾರರು. ಮರುವರ್ಷ, 1986ರಲ್ಲಿ, ಮೂರಕ್ಕೆ ಮೂರೂ ಪಂದ್ಯಗಳನ್ನು ಗೆದ್ದ ಮೊದಲ ತಂಡವೂ ನ್ಯೂ ಸೌತ್ ವೇಲ್ಸೇ.

1988ರ ಒಂದು ಬದಲಾವಣೆಯನ್ನು ಟಿಪ್ಪಣಿ ಮಾಡಿಕೊಳ್ಳಿ. ಆ ವರ್ಷ ಬ್ರಿಸ್ಬೇನ್ ಬ್ರಾಂಕೋಸ್ ತಂಡವು ಸಿಡ್ನಿಯ ಕ್ಲಬ್ ಸ್ಪರ್ಧೆಗೆ ಸೇರಿತು. ಅದರೊಂದಿಗೆ, ಹಣಕ್ಕಾಗಿ ತವರು ಬಿಡಬೇಕೆಂಬ ಒತ್ತಾಯ ಬಹುಮಟ್ಟಿಗೆ ತಗ್ಗಿತು. ಒರಿಜಿನ್ ಹುಟ್ಟಲು ಕಾರಣವಾದ ಪರಿಸ್ಥಿತಿ ಎಂಟೇ ವರ್ಷಗಳಲ್ಲಿ ಸಡಿಲಗೊಂಡರೂ ಅದು ಎಬ್ಬಿಸಿದ ಭಾವನೆ ಮಾತ್ರ ಸಡಿಲಗೊಳ್ಳಲಿಲ್ಲ.

1994ರಿಂದ 2006: ಆಯ್ದು ನೋಡಬೇಕಾದ ನಾಲ್ಕು ರಾತ್ರಿಗಳು

1990ರ ದಶಕದ ಮೊದಲ ಭಾಗದಲ್ಲಿ ಫಿಲ್ ಗೂಲ್ಡ್ ಅವರ ತರಬೇತಿ ಮತ್ತು ಲಾರಿ ಡೇಲಿ ಅವರ ನಾಯಕತ್ವದಲ್ಲಿ ನ್ಯೂ ಸೌತ್ ವೇಲ್ಸ್ ಸತತ ಮೂರು ಸರಣಿಗಳನ್ನು ಗೆದ್ದಿತು. ವಿಚಿತ್ರವೆಂದರೆ ಆ ಅವಧಿಯಿಂದ ಜನರ ನೆನಪಿನಲ್ಲಿ ಹೆಚ್ಚು ಉಳಿದದ್ದು ಅವರು ಸೋತ ಒಂದು ಪಂದ್ಯ. 1994ರ ಮೊದಲ ಪಂದ್ಯದಲ್ಲಿ, ಕೊನೆಯ ಕೆಲವು ನಿಮಿಷಗಳಿರುವಾಗ 12–4ರಿಂದ ಹಿಂದಿದ್ದ ಕ್ವೀನ್ಸ್‌ಲ್ಯಾಂಡ್ ಒಂದು ಟ್ರೈ ಗಳಿಸಿತು. ಆನಂತರ ಕಟ್ಟಕಡೆಯ ಗಳಿಗೆಯಲ್ಲಿ ಚೆಂಡು ಮೈದಾನದುದ್ದಕ್ಕೂ ಕೈಯಿಂದ ಕೈಗೆ ದಾಟುತ್ತ ಅಂಚಿಗೆ ಬಂದು, ಮಾರ್ಕ್ ಕಾಯ್ನ್ ಚಾಚಿದ ಕೈಯಿಂದ ಅದನ್ನು ಗೆರೆಯಾಚೆ ಇಟ್ಟರು. 16–12. ವೀಕ್ಷಕ ವಿವರಣೆಗಾರ ರೇ ವಾರೆನ್ ಅದನ್ನು ಟ್ರೈ ಎನ್ನದೆ ಪವಾಡವೆಂದರು. ಈ ಆಟವನ್ನು ಎರಡು ಬಾರಿ ನೋಡಿ: ಮೊದಲ ಬಾರಿ ಚೆಂಡನ್ನು ಹಿಂಬಾಲಿಸಿ, ಎರಡನೆಯ ಬಾರಿ ಚೆಂಡಿಲ್ಲದ ಆಟಗಾರರು ಬೆಂಬಲಕ್ಕೆ ಹೇಗೆ ಓಡಿ ಬರುತ್ತಾರೆ ಎಂಬುದನ್ನು ಗಮನಿಸಿ.

1995ರದು ಬೇರೆ ಬಗೆಯ ಕಥೆ. ಟಿವಿ ಪ್ರಸಾರದ ಹಕ್ಕಿನ ಹಿಂದೆ ಎದ್ದ ಸೂಪರ್ ಲೀಗ್ ಕಲಹದಲ್ಲಿ ಆಟ ಎರಡು ಹೋಳಾಗಿ, ಬಂಡಾಯದ ಬಣಕ್ಕೆ ಸಹಿ ಹಾಕಿದವರನ್ನು ಒರಿಜಿನ್ ತಂಡಗಳಿಂದ ಹೊರಗಿಡಲಾಯಿತು. ಬ್ರಾಂಕೋಸ್ ಆಟಗಾರರನ್ನು ಕಳೆದುಕೊಂಡ ಕ್ವೀನ್ಸ್‌ಲ್ಯಾಂಡಿಗೆ ಹೆಚ್ಚಿನ ಏಟು ಬಿದ್ದಿತು. ವಾಟಿನ್ ತರಬೇತುದಾರರಾಗಿ, ಹೆಸರಿಲ್ಲದ ಹುಡುಗರನ್ನು ಕಟ್ಟಿಕೊಂಡು ಸಿಡ್ನಿಗೆ ಹೋದರು. ಮೈದಾನಕ್ಕೆ ಹೋಗುವ ದಾರಿಯಲ್ಲಿ ಬಿಲಿ ಮೂರ್ ‘ಕ್ವೀನ್ಸ್‌ಲ್ಯಾಂಡರ್!’ ಎಂದು ಗಂಟಲು ಹರಿಯುವಂತೆ ಕೂಗಿದ ಕೂಗು ಈಗಲೂ ಆ ರಾಜ್ಯದ ಘೋಷಣೆ. ಪಂದ್ಯ 2–0ರಿಂದ, ಒಂದೇ ಪೆನಾಲ್ಟಿ ಗೋಲಿನಿಂದ, ಮುಗಿಯಿತು. ಸರಣಿಯನ್ನು ಅವರು 3–0ರಿಂದ ಗೆದ್ದರು.

2001ರಲ್ಲಿ ಸರಣಿ ಸಮಬಲಕ್ಕೆ ಬಂದಾಗ ತರಬೇತುದಾರ ವೇಯ್ನ್ ಬೆನೆಟ್, ಇಂಗ್ಲೆಂಡಿನ ವಾರಿಂಗ್ಟನ್ ಕ್ಲಬ್ಬಿನಲ್ಲಿದ್ದ 34 ವರ್ಷದ ಲ್ಯಾಂಗರ್ ಅವರನ್ನು ಗುಟ್ಟಾಗಿ ಕರೆಸಿಕೊಂಡರು. ಕ್ವೀನ್ಸ್‌ಲ್ಯಾಂಡ್ 40–14ರಿಂದ ಗೆದ್ದಿತು. ತವರು ಎಂಬುದು ಕರೆದರೆ ಸಾಗರ ದಾಟಿಯೂ ಬರುವಂಥದ್ದು ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಂದ್ಯ ನನಗೆ ತಿಳಿದಿಲ್ಲ.

ನಾಲ್ಕನೆಯದು 2006ರ ಮೂರನೆಯ ಪಂದ್ಯ, ಮೆಲ್ಬರ್ನಿನಲ್ಲಿ. ನ್ಯೂ ಸೌತ್ ವೇಲ್ಸ್ ಆಗಲೇ ಸತತ ಮೂರು ಸರಣಿ ಗೆದ್ದಿತ್ತು, ನಾಲ್ಕನೆಯದೂ ಕೈಗೆಟುಕುವಂತಿತ್ತು. ಕೊನೆಯ ಹತ್ತು ನಿಮಿಷಗಳ ಒಳಗೆ, ನ್ಯೂ ಸೌತ್ ವೇಲ್ಸ್ ತಮ್ಮ ಗೆರೆಯ ಬಳಿ ಎಸೆದ ಚೆಂಡೊಂದು ದಾರಿ ತಪ್ಪಿ ನೆಲಕ್ಕೆ ಬಿದ್ದಾಗ ಡ್ಯಾರನ್ ಲಾಕಿಯರ್ ಅದನ್ನು ಹೆಕ್ಕಿಕೊಂಡು ಟ್ರೈ ಗಳಿಸಿದರು, 16–14. ಆ ಒಂದು ತಪ್ಪಿದ ಎಸೆತದಿಂದ ಎಂಟು ವರ್ಷಗಳ ಆಳ್ವಿಕೆ ಆರಂಭವಾಯಿತು.

ಎಂಟು ವರ್ಷಗಳ ಆಳ್ವಿಕೆ ಮತ್ತು ಅರ್ಹತೆಯ ತಕರಾರು

2006ರಿಂದ 2013ರವರೆಗೆ ಕ್ವೀನ್ಸ್‌ಲ್ಯಾಂಡ್ ಸತತ ಎಂಟು ಸರಣಿ ಗೆದ್ದಿತು. ತರಬೇತುದಾರ ಮೆನಿಂಗಾ, ತಂಡದಲ್ಲಿ ಲಾಕಿಯರ್, ಜೋನಾಥನ್ ಥರ್ಸ್ಟನ್, ಕ್ಯಾಮರನ್ ಸ್ಮಿತ್, ಬಿಲಿ ಸ್ಲೇಟರ್, ಕೂಪರ್ ಕ್ರಾಂಕ್, ಗ್ರೆಗ್ ಇಂಗ್ಲಿಸ್. ಒಂದೇ ಕಾಲದಲ್ಲಿ ಇಷ್ಟು ಮಂದಿ ಒಂದೇ ರಾಜ್ಯಕ್ಕೆ ದಕ್ಕಿದ್ದು ಅದೃಷ್ಟ ಎನ್ನುವವರಿದ್ದಾರೆ. ಆದರೆ ಎರಡೂ ತಂಡಗಳ ಆ ಎಂಟು ವರ್ಷಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ: ಒಂದು ಕಡೆ ಅದೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ, ಇನ್ನೊಂದು ಕಡೆ ಆಟವನ್ನು ನಡೆಸಬೇಕಾದ ಮಧ್ಯದ ಜೋಡಿಯೇ ಪದೇ ಪದೇ ಬದಲಾಗುತ್ತದೆ. ಈ ಅವಧಿಯನ್ನು ಪಂದ್ಯಗಳಿಗಿಂತ ಆಯ್ಕೆಯ ಪಟ್ಟಿಗಳಿಂದ ಓದುವುದು ಒಳ್ಳೆಯದು. 2014ರಲ್ಲಿ ಡೇಲಿ ಅವರ ತರಬೇತಿಯಲ್ಲಿ ನ್ಯೂ ಸೌತ್ ವೇಲ್ಸ್ ಸಿಡ್ನಿಯಲ್ಲಿ 6–4ರಿಂದ ಗೆದ್ದು ಸರಪಳಿಯನ್ನು ಕಡಿದಾಗ, ಅಷ್ಟು ಕಡಿಮೆ ಅಂಕಗಳ ಆ ಪಂದ್ಯದ ಕೊನೆಯಲ್ಲಿ ಸೇರಿದ್ದ ಜನರ ಬಿಡುಗಡೆಯ ಉದ್ಗಾರವು 1980ರ ಲ್ಯಾಂಗ್ ಪಾರ್ಕಿನ ಸದ್ದಿಗೆ ಸಮನಾಗಿತ್ತೆಂದು ನಾನು ಭಾವಿಸುತ್ತೇನೆ.

ಅರ್ಹತೆಯ ವಿವಾದ ಕಾವೇರಿದ್ದೂ ಇದೇ ಕಾಲದಲ್ಲಿ. ಇಂಗ್ಲಿಸ್ ಅವರ ಊರು ನ್ಯೂ ಸೌತ್ ವೇಲ್ಸಿನ ಬೌರಾವಿಲ್. ಹಿರಿಯರ ಮಟ್ಟದ ಆಟವನ್ನು ಮೊದಲು ಬ್ರಿಸ್ಬೇನಿನಲ್ಲಿ ಆಡಿದ್ದರಿಂದ ಅವರು ಕ್ವೀನ್ಸ್‌ಲ್ಯಾಂಡಿನ ಪಾಲಾದರು. ತವರಿನವರನ್ನು ಕಿತ್ತುಕೊಂಡರೆಂದು ಹಿಂದೆ ದೂರುತ್ತಿದ್ದ ರಾಜ್ಯದ ಮೇಲೆಯೇ ಈಗ ಆ ದೂರು ಬಂದಿತು. ನಿಯಮದ ಪ್ರಕಾರ ಅದು ಸರಿಯಾಗಿತ್ತು. ಹೆಸರಿನಲ್ಲಿರುವ ‘ಮೂಲ’ ಎಂಬ ಮಾತಿಗೆ ಅದು ಒಪ್ಪುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಮುಂದೆ ನಿಯಮವನ್ನು ಬಿಗಿಗೊಳಿಸಿ, 13 ವರ್ಷ ತುಂಬುವ ಮೊದಲು ಆಟಗಾರನು ಎಲ್ಲಿ ನೆಲೆಸಿದ್ದನು ಎಂಬುದಕ್ಕೆ ಮಹತ್ವ ಕೊಡಲಾಯಿತು. ಈ ಪೈಪೋಟಿಯ ಬಗ್ಗೆ ಸ್ಥಳೀಯರೊಡನೆ ಮಾತಿಗೆ ಕೂರುವ ಮುನ್ನ ಇಂಗ್ಲಿಸ್ ಮತ್ತು ಸ್ಟರ್ಲಿಂಗ್, ಈ ಇಬ್ಬರ ಉದಾಹರಣೆಗಳನ್ನೂ ಜೊತೆಗಿಟ್ಟುಕೊಂಡಿರಬೇಕು. ಒಂದನ್ನು ಮಾತ್ರ ಹೇಳಿದರೆ ನೀವು ಒಂದು ಕಡೆಗೆ ಸೇರಿದಂತೆ.

ಹೊಡೆದಾಟದ ದೃಶ್ಯಗಳನ್ನು ಹೇಗೆ ನೋಡಬೇಕು

ಹಳೆಯ ಪಂದ್ಯಗಳಲ್ಲಿ ಮುಷ್ಟಿಕಾಳಗ ಸಾಮಾನ್ಯ, ಬಹಳ ವರ್ಷ ಅದನ್ನೇ ಆಕರ್ಷಣೆಯಾಗಿ ಮಾರಲಾಯಿತು. 2013ರ ಮೊದಲ ಪಂದ್ಯದಲ್ಲಿ ನ್ಯೂ ಸೌತ್ ವೇಲ್ಸ್ ನಾಯಕ ಪಾಲ್ ಗ್ಯಾಲನ್ ಅವರು ನೇಟ್ ಮೈಲ್ಸ್ ಅವರಿಗೆ ಗುದ್ದಿದ ಬಳಿಕ, ಗುದ್ದಿದವರನ್ನು ಹತ್ತು ನಿಮಿಷ ಮೈದಾನದಿಂದ ಹೊರಗೆ ಕಳುಹಿಸುವ ಕ್ರಮ ಬಂದಿತು. ಆ ದೃಶ್ಯಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ, ಅವೂ ಚರಿತ್ರೆಯೇ. ಆದರೆ ಅವುಗಳನ್ನು ನೋಡುವಾಗ 2023ರಲ್ಲಿ ವಾಲಿ ಲೂಯಿಸ್ ತಮ್ಮ ಮಿದುಳಿಗೆ ಆಗಿರುವ ಹಾನಿಯ ಬಗ್ಗೆ, ಮರೆವಿನೊಡನೆ ಬದುಕುವ ಭಯದ ಬಗ್ಗೆ, ಸಾರ್ವಜನಿಕವಾಗಿ ಮಾತನಾಡಿದ್ದನ್ನು ಜೊತೆಯಲ್ಲೇ ಓದಿಕೊಳ್ಳಬೇಕು. ತಲೆಗೆ ಬಿದ್ದ ಪೆಟ್ಟನ್ನು ತಡವಿಕೊಂಡು ಮತ್ತೆ ಎದ್ದು ನಿಂತವನಿಗೆ ಜನ ಚಪ್ಪಾಳೆ ತಟ್ಟಿದ ಆ ವರ್ಷಗಳ ಬೆಲೆಯನ್ನು ತೆತ್ತವರು ಆಟಗಾರರೇ.

ಈಗಿನ ಸರಣಿಯನ್ನು ಹಿಂಬಾಲಿಸುವುದು

ಇಷ್ಟಾದ ಮೇಲೆ ಅಂಕಿಅಂಶಗಳಿಗೆ ಬರಬಹುದು. 1982ರಿಂದ 2025ರವರೆಗಿನ 44 ಸರಣಿಗಳಲ್ಲಿ ಕ್ವೀನ್ಸ್‌ಲ್ಯಾಂಡ್ 25ನ್ನು, ನ್ಯೂ ಸೌತ್ ವೇಲ್ಸ್ 17ನ್ನು ಗೆದ್ದಿವೆ. 1999 ಮತ್ತು 2002ರವು ಸಮವಾದವು. ಇತ್ತೀಚಿನ ವರ್ಷಗಳು ಏರಿಳಿತದಿಂದ ಕೂಡಿವೆ. 2020ರಲ್ಲಿ ಸಾಂಕ್ರಾಮಿಕದ ಕಾರಣ ನವೆಂಬರಿನಲ್ಲಿ ಆಡಿದಾಗ, ಅತ್ಯಂತ ದುರ್ಬಲವೆಂದು ಪತ್ರಿಕೆಗಳು ಬರೆದಿದ್ದ ಕ್ವೀನ್ಸ್‌ಲ್ಯಾಂಡ್ ಬೆನೆಟ್ ಅವರ ಮಾರ್ಗದರ್ಶನದಲ್ಲಿ ಗೆದ್ದಿತು. 2024ರಲ್ಲಿ ನ್ಯೂ ಸೌತ್ ವೇಲ್ಸ್ ಲ್ಯಾಂಗ್ ಪಾರ್ಕಿನಲ್ಲೇ ನಿರ್ಣಾಯಕ ಪಂದ್ಯವನ್ನು 14–4ರಿಂದ ಗೆದ್ದರೆ, 2025ರಲ್ಲಿ ಕ್ವೀನ್ಸ್‌ಲ್ಯಾಂಡ್ ಸಿಡ್ನಿಗೆ ಹೋಗಿ 24–12ರಿಂದ ಸರಣಿಯನ್ನು ಹಿಂದೆ ತಂದಿತು. 2018ರಿಂದ ಮಹಿಳೆಯರ ಪಂದ್ಯವೂ ಒರಿಜಿನ್ ಹೆಸರಿನಲ್ಲೇ ನಡೆಯುತ್ತಿದೆ, 2024ರಿಂದ ಅದೂ ಮೂರು ಪಂದ್ಯಗಳ ಸರಣಿ. ಈಗಷ್ಟೇ ಬೆಳೆಯುತ್ತಿರುವ ಈ ಚರಿತ್ರೆಯನ್ನು ಮೊದಲಿನಿಂದಲೇ ಹಿಂಬಾಲಿಸುವ ಅವಕಾಶ ಹೊಸ ಓದುಗರಿಗಿದೆ.

ಮೂರು ಪಂದ್ಯಗಳಲ್ಲಿ ಸಾಮಾನ್ಯವಾಗಿ ಬ್ರಿಸ್ಬೇನಿಗೂ ಸಿಡ್ನಿಗೂ ತಲಾ ಒಂದು ಖಚಿತ. ಮೂರನೆಯದು ಸರದಿಯಂತೆ ಅವುಗಳಲ್ಲೊಂದಕ್ಕೋ ಮೆಲ್ಬರ್ನ್, ಪರ್ತ್, ಅಡಿಲೇಡ್ ಮುಂತಾದ ಬೇರೆ ನಗರಕ್ಕೋ ಹೋಗುತ್ತದೆ. ಆಯ್ಕೆ ಇದ್ದರೆ ಬ್ರಿಸ್ಬೇನಿನ ಪಂದ್ಯಕ್ಕೇ ಹೋಗಿ. ಪ್ರಾಯೋಜಕರ ಹೆಸರಿನಿಂದ ಸನ್‌ಕಾರ್ಪ್ ಸ್ಟೇಡಿಯಂ ಎಂದು ಕರೆಸಿಕೊಳ್ಳುವ ಲ್ಯಾಂಗ್ ಪಾರ್ಕ್ ಹಿಂದೊಮ್ಮೆ ನಗರದ ಸ್ಮಶಾನವಾಗಿದ್ದ ನೆಲ. ಟಿಕೆಟ್ಟಿನಲ್ಲಿ ಬರೆದ ಹೊತ್ತಿಗಿಂತ ಎರಡು ಮೂರು ಗಂಟೆ ಮೊದಲೇ ಕ್ಯಾಕ್ಸ್‌ಟನ್ ಬೀದಿಗೆ ಬನ್ನಿ. ನ್ಯೂ ಸೌತ್ ವೇಲ್ಸ್ ಆಟಗಾರರ ಬಸ್ಸು ಆ ಇಳಿಜಾರಿನಲ್ಲಿ ಬರುವಾಗ ಮರೂನ್ ಜನಸಂದಣಿ ಎರಡೂ ಬದಿಯಲ್ಲಿ ನಿಂತು ಕೂಗುವುದನ್ನು ಕೇಳಿಸಿಕೊಂಡು, ಅಲ್ಲಿಂದ ಮೈದಾನದ ಕಡೆಗೆ ನಡೆಯಿರಿ. ಹೊರಗೆ ವಾಲಿ ಲೂಯಿಸ್ ಅವರ ಕಂಚಿನ ಪ್ರತಿಮೆಯ ಬಳಿ ಫೋಟೊ ತೆಗೆಸಿಕೊಳ್ಳುವವರ ಸಾಲು ಉದ್ದವಿರುತ್ತದೆ. ಮೊದಲು ಆರ್ಥರ್ ಬೀಟ್ಸನ್ ಅವರ ಪ್ರತಿಮೆಯನ್ನು ಹುಡುಕಿಕೊಂಡು ಹೋಗಿ ನೋಡಿ, ಆಮೇಲೆ ಒಳಗೆ ಹೋಗಿ.